ಹೊಳೆದಂಡೆಯ ಬಿಡಾರಕ್ಕೆ ಒಂದು ಕೋಲು

ಶಿವಮೊಗ್ಗದ ಸುತ್ತಮುತ್ತ ‘ಬಿಡಾರ’ ಎಂದರೆ ಮೊದಲು ನೆನಪಾಗುವುದು ಆನೆ. ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರು ಅಣೆಕಟ್ಟೆಯ ಹಿನ್ನೀರಿನ ಪಕ್ಕದ ಸಕ್ರೆಬೈಲು ಆನೆ ಬಿಡಾರವನ್ನು ನೋಡದ ಮಕ್ಕಳು ಈ ಊರಿನಲ್ಲಿ ಕಡಿಮೆ. ಬೆಳಿಗ್ಗೆ ಮಾವುತರು ಆನೆಗಳನ್ನು ತುಂಗೆಗೆ ಇಳಿಸಿ ಮೈ ತಿಕ್ಕುವುದನ್ನು ನೋಡುವುದೇ ಒಂದು ಸಂಭ್ರಮ. ಈಚಿನ ವರ್ಷಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಮನುಷ್ಯರೂ ಹೀಗೆಯೇ ಹೊಳೆಬದಿಗೆ ಬಿಡಾರ ಹೂಡಲು ಹೊರಡುತ್ತಾರೆ. ನೆಂಟರ ತೋಟವೋ, ಬಾಡಿಗೆಗೆ ಕೊಡುವ ತೋಟವೋ, ಒಟ್ಟಿನಲ್ಲಿ ಅಡಿಕೆ, ತೆಂಗಿನ ನೆರಳು ಮತ್ತು ಪಕ್ಕದಲ್ಲಿ ಹರಿಯುವ ನೀರು ಇದ್ದರಾಯಿತು. ಕೆಲವರದು ಜಮಖಾನ, ಟಾರ್ಚು ಮಾತ್ರ ಇರುವ ಸಾದಾ ಡೇರೆ. ಇನ್ನು ಕೆಲವರಿಗೆ ಡೇರೆಯೊಳಗೇ ಮಂಚ, ಫ್ಯಾನು, ಸ್ನಾನದ ಮನೆ ಎಲ್ಲವೂ ಬೇಕು. ಇದಕ್ಕೆ ‘ಗ್ಲಾಂಪಿಂಗ್’ ಎಂದು ಹೆಸರು. ಗ್ಲಾಮರ್ ಮತ್ತು ಕ್ಯಾಂಪಿಂಗ್ ಎಂಬೆರಡು ಪದಗಳನ್ನು ಬೆಸೆದು ಮಾಡಿದ ಪದ.

ಡೇರೆ ಐನೂರರದಿರಲಿ, ಐವತ್ತು ಸಾವಿರದ್ದಿರಲಿ, ಹೊಳೆ ಒಂದೇ. ಅದಕ್ಕೆ ಡೇರೆಯ ಬೆಲೆ ಗೊತ್ತಿಲ್ಲ. ಆದ್ದರಿಂದ ಹೊರಡುವ ಮುನ್ನ ಕಟ್ಟುವ ಗಂಟಿನಲ್ಲಿ ಒಂದು ವಸ್ತು ತಪ್ಪದೆ ಇರಬೇಕು. ಅದು ಆರಡಿ ಉದ್ದದ, ನೇರವಾದ ಒಂದು ಬಿದಿರು ಕೋಲು. ಅರ್ಧ ಅಡಿಗೊಂದರಂತೆ ಬಣ್ಣದ ಗೆರೆ ಎಳೆದರೆ ಅದೇ ಅಳತೆಗೋಲು. ಹೊಳೆದಂಡೆಯಲ್ಲಿ ಕಲಿಯಬೇಕಾದ ವಿಜ್ಞಾನದ ಬಹುಪಾಲನ್ನು ಈ ಕೋಲೇ ಕಲಿಸುತ್ತದೆ.

ಶಿವಮೊಗ್ಗದ ಒಂದು ಕುಟುಂಬ ಏಪ್ರಿಲ್ ಕೊನೆಯ ವಾರದಲ್ಲಿ ಭದ್ರಾವತಿಯ ಹತ್ತಿರ, ಭದ್ರೆಯ ದಂಡೆಯ ತೋಟವೊಂದಕ್ಕೆ ಬಂದಿದೆ ಎಂದು ಊಹಿಸಿಕೊಳ್ಳಿ. ಅಪ್ಪ, ಅಮ್ಮ, ಏಳನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ. ತೋಟದ ಅಂಚಿನಿಂದ ಕೆಳಗಿಳಿದರೆ ಹಾಸಿಗೆಯಂತೆ ನುಣುಪಾದ ಮರಳು. ‘ಅಪ್ಪಾ, ಇಲ್ಲೇ ಡೇರೆ ಹಾಕೋಣ’ ಎಂದು ಮಕ್ಕಳು ಕುಣಿಯುತ್ತಾರೆ. ತೋಟದ ಅಜ್ಜ ಮಾತ್ರ ತಲೆಯಾಡಿಸುತ್ತಾರೆ. ‘ಬೇಡ ಮಗಾ, ಅದು ಹೊಳೆ ಮಲಗೋ ಜಾಗ.’

ಅಜ್ಜನ ಮಾತು ಗಾದೆಯಂತೆ ಕೇಳಿದರೂ ಅದರೊಳಗೆ ಲೆಕ್ಕವಿದೆ. ತುಂಗೆ, ಭದ್ರೆ ಎರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಸಮೀಪ ಕೂಡ್ಲಿಯಲ್ಲಿ ಸೇರುವ ನದಿಗಳು. ಮಳೆಗಾಲದಲ್ಲಿ ಘಟ್ಟದ ಮಳೆಯೇ ಅವುಗಳ ಒಡೆಯ. ಆದರೆ ಬೇಸಿಗೆಯಲ್ಲಿ ಭದ್ರೆಯ ಹರಿವನ್ನು ಹೆಚ್ಚಾಗಿ ನಿರ್ಧರಿಸುವುದು ಲಕ್ಕವಳ್ಳಿಯ ಅಣೆಕಟ್ಟೆ. ಅಲ್ಲಿ ನೀರು 186 ಅಡಿ ಮುಟ್ಟಿದರೆ ಜಲಾಶಯ ತುಂಬಿತೆಂದು ಲೆಕ್ಕ. ಆಗ ಅದರಲ್ಲಿರುವುದು ಸುಮಾರು 71 ಟಿಎಂಸಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಈ ನೀರು ನಾಲೆಗಳ ಮೂಲಕ ಗದ್ದೆ, ತೋಟಗಳಿಗೆ ಹೋಗುತ್ತದೆ. ಕೆಳಗಿನ ಊರುಗಳ ಕುಡಿಯುವ ನೀರಿಗೆಂದು ಬೇಸಿಗೆಯಲ್ಲಿ ನದಿಗೂ ನೀರು ಬಿಡುವುದುಂಟು. ಹಾಗಾಗಿ ತಲೆಯ ಮೇಲೆ ಒಂದು ತುಂಡು ಮೋಡವೂ ಇಲ್ಲದ ದಿನ ಹೊಳೆ ಏರಬಹುದು.

ಎಷ್ಟು ಹೊತ್ತಿಗೆ? ಏಳನೆಯ ತರಗತಿಯ ಗಣಿತ ಸಾಕು. ತೋಟವು ಅಣೆಕಟ್ಟೆಯಿಂದ ಹೊಳೆಯ ದಾರಿಯಲ್ಲಿ 20 ಕಿ.ಮೀ. ಕೆಳಗಿದೆ, ನೀರು ಸೆಕೆಂಡಿಗೆ 1 ಮೀಟರಿನಂತೆ ಹರಿಯುತ್ತದೆ ಎನ್ನಿ. 20,000 ಮೀಟರಿಗೆ 20,000 ಸೆಕೆಂಡು, ಅಂದರೆ ಸುಮಾರು ಐದೂವರೆ ಗಂಟೆ. ಸಂಜೆ ಏಳಕ್ಕೆ ಬಿಟ್ಟ ನೀರು ತೋಟದ ಬಳಿ ಬರುವುದು ನಡುರಾತ್ರಿ ಕಳೆದ ಮೇಲೆ, ಎಲ್ಲರೂ ಗಾಢ ನಿದ್ರೆಯಲ್ಲಿರುವಾಗ. ಇದು ಒರಟು ಅಂದಾಜು. ಹೊಳೆಯ ಇಳಿಜಾರು, ಅಗಲ, ಬಂಡೆಗಳಿಗೆ ತಕ್ಕಂತೆ ವೇಗ ಹೆಚ್ಚುಕಡಿಮೆಯಾಗುತ್ತದೆ. ಆದರೆ ಅಂದಾಜಿನ ಪಾಠ ಸ್ಪಷ್ಟ. ಮಲಗುವಾಗ ಕಂಡ ಹೊಳೆ ಏಳುವಾಗ ಅಲ್ಲೇ ಇರುತ್ತದೆ ಎನ್ನುವಂತಿಲ್ಲ. ನದಿಗೆ ಹೆಚ್ಚು ನೀರು ಬಿಡುವಾಗ ದಂಡೆಯ ಜನರಿಗೆ ಎಚ್ಚರಿಕೆಯ ಪ್ರಕಟಣೆ ಕೊಡುವುದು ವಾಡಿಕೆ. ಊರಿನವರಿಗೆ ಅದು ತಿಳಿಯುತ್ತದೆ, ಒಂದು ರಾತ್ರಿಗೆ ಬಂದ ಡೇರೆಯವರಿಗೆ ತಿಳಿಯದೆ ಹೋಗಬಹುದು. ತೋಟದವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಊಟದ್ದಲ್ಲ, ನೀರಿನದು.

ಈ ಪಾಠವನ್ನು ಹಕ್ಕಿಗಳೂ ಬಲ್ಲವು. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಅಲ್ಲಲ್ಲಿ ಬೋಳು ನಡುಗಡ್ಡೆಗಳು ಮೇಲೇಳುತ್ತವೆ. ಹಳದಿ ಕೊಕ್ಕಿನ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಬರಿಯ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್ ನಡೆಸುವ ವಸತಿಗೆ ಈ ಹಕ್ಕಿಯದೇ ಹೆಸರು. ಸುತ್ತ ನೀರಿರುವುದರಿಂದ ನರಿ, ನಾಯಿಗಳ ಭಯ ಕಡಿಮೆ. ಆದರೆ ಮಳೆ ಬಂದು ನೀರು ಏರುವುದರೊಳಗೆ ಮರಿಗಳು ಹಾರಲು ಕಲಿಯಬೇಕು. ತಡವಾದರೆ ಗೂಡು ನೀರುಪಾಲು. ಮರಳ ದಿಬ್ಬದ ಮೇಲಿನ ಡೇರೆಗೂ ಆ ಗೂಡಿಗೂ ವ್ಯತ್ಯಾಸ ಬಹಳವಿಲ್ಲ. ಹಕ್ಕಿಗೆ ಬೇರೆ ಜಾಗವಿಲ್ಲ, ಮನುಷ್ಯರಿಗಿದೆ.

ಹಾಗಾದರೆ ಡೇರೆ ಎಲ್ಲಿ ಹಾಕಬೇಕು? ದಂಡೆಯ ಮರಗಿಡಗಳನ್ನು ನೋಡಿದರೆ ಹೊಳೆಯೇ ಹೇಳುತ್ತದೆ. ಕೊಂಬೆಗಳಿಗೆ ಸಿಕ್ಕಿಕೊಂಡ ಒಣಹುಲ್ಲು, ಪ್ಲಾಸ್ಟಿಕ್ ಚೂರು, ಕಾಂಡಕ್ಕೆ ಮೆತ್ತಿ ಒಣಗಿದ ಕೆಸರು ಇವೆಲ್ಲ ಹಿಂದಿನ ನೆರೆಯ ಸಹಿಗಳು. ಆ ಗುರುತಿಗಿಂತ ಮೇಲೆ, ತೋಟದ ಗಟ್ಟಿ ನೆಲದ ಮೇಲೆ ಡೇರೆ ಇರಲಿ. ಬಳಿಕ ಸಂಜೆ ನೀರಿನ ಅಂಚಿನಲ್ಲಿ ಕೋಲನ್ನು ಊರಿ, ನೀರು ಯಾವ ಗೆರೆಗೆ ಮುಟ್ಟಿದೆ ಎಂದು ಬರೆದುಕೊಳ್ಳಬೇಕು. ಶಿವಮೊಗ್ಗದವರಿಗೆ ಇಂಥ ಅಳತೆಗೋಲು ಹೊಸದೇನಲ್ಲ. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯಲ್ಲಿರುವ ಕಲ್ಲಿನ ಮಂಟಪ ಮುಳುಗಿದರೆ ಹೊಳೆ ತುಂಬಿತೆಂದು ಊರಿನವರು ನೋಡಲು ಹೋಗುತ್ತಾರೆ. 2019ರ ಆಗಸ್ಟಿನಲ್ಲಿ ತುಂಗೆ ಅದನ್ನೂ ಮೀರಿ ನಗರದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ.

ಮರುದಿನ ಬೆಳಿಗ್ಗೆ ಮಕ್ಕಳಿಗೆ ನೀರಿಗಿಳಿಯುವ ಆತುರ. ತಿಳಿನೀರು, ತಳದ ಕಲ್ಲುಗಳು ಸ್ಪಷ್ಟ. ‘ಮೂರೇ ಅಡಿ ಇದೆ’ ಎನ್ನುತ್ತಾನೆ ಹುಡುಗ. ಕೋಲನ್ನು ಓರೆಯಾಗಿ ನೀರಿಗೆ ಇಳಿಸಿದರೆ ಅದು ನೀರಿನ ಮೇಲ್ಮೈಯಲ್ಲಿ ಮುರಿದಂತೆ ಕಾಣುತ್ತದೆ. ಪಾಠಪುಸ್ತಕದಲ್ಲಿರುವ ಬೆಳಕಿನ ವಕ್ರೀಭವನ ಇದೇ. ನೀರಿನಿಂದ ಗಾಳಿಗೆ ಬರುವ ಬೆಳಕು ಬಾಗುವುದರಿಂದ ತಳವು ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಆದ್ದರಿಂದ ನೇರ ಮೇಲಿನಿಂದ ನೋಡಿದರೂ ನಾಲ್ಕು ಅಡಿ ಆಳ ಮೂರು ಅಡಿಯಂತೆ ತೋರುತ್ತದೆ. ದಂಡೆಯ ಮೇಲೆ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ತಪ್ಪಿದರೆ ಎರಡು ಅಂಕ ಹೋಗುತ್ತದೆ. ಇಲ್ಲಿ ಆ ಒಂದು ಅಡಿ ನಾಲ್ಕನೆಯ ತರಗತಿಯ ಹುಡುಗನ ಎದೆಗೂ ಮೂಗಿಗೂ ಇರುವ ಅಂತರ.

ಆಳವೊಂದೇ ಅಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲು ಮುಚ್ಚುವ ನೀರೂ ವೇಗವಿದ್ದರೆ ಬೀಳಿಸಬಲ್ಲದು. ಬಂಡೆಯ ಮೇಲಿನ ಪಾಚಿ ಜಾರುತ್ತದೆ. ಮರಳು ತೆಗೆದ ಕಡೆ ಹೆಜ್ಜೆಯ ಅಂತರದಲ್ಲಿ ಮಡು ಇರುತ್ತದೆ. ಆದ್ದರಿಂದ ಕೋಲು ಮುಂದೆ, ಕಾಲು ಹಿಂದೆ. ಕೋಲು ಮುಟ್ಟಿ ನೋಡದ ಜಾಗಕ್ಕೆ ಕಾಲಿಡುವುದಿಲ್ಲ ಎಂಬುದು ಮನೆಯವರೆಲ್ಲರ ನಿಯಮವಾಗಲಿ, ಈಜು ಬರುವ ಅಪ್ಪನಿಗೂ ಸೇರಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ 30 ವರ್ಷದೊಳಗಿನವರು. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದು ಅಪರೂಪ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗುವುದೆಲ್ಲಿಂದ? ಹತ್ತಿರದಲ್ಲೇ, ಸದ್ದಿಲ್ಲದೆ ಮುಗಿದುಹೋಗುತ್ತದೆ. ಒಬ್ಬರನ್ನು ಉಳಿಸಲು ಇನ್ನೊಬ್ಬರು ಧುಮುಕಿ ಇಬ್ಬರೂ ಹೋದ ಸುದ್ದಿಯನ್ನು ಪ್ರತಿ ಬೇಸಿಗೆಯೂ ಓದುತ್ತೇವೆ. ದಡದಲ್ಲೇ ಮಲಗಿ ಕೋಲು ಚಾಚುವುದು, ಅಡಿಕೆ ಕೊಯ್ಯುವ ದೋಟಿ ಚಾಚುವುದು, ಹಗ್ಗ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯುವುದು ಮೊದಲ ಕೆಲಸ. ಮೇಲೆ ತಂದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುತ್ತ ಕಾಲ ಕಳೆಯಬಾರದು. ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು ಆಗಬೇಕು. ಜೊತೆಯವರು 108ಕ್ಕೆ ಫೋನ್ ಮಾಡಲಿ. ಇದನ್ನು ರಜೆಗೆ ಮೊದಲೇ ತಿಳಿದವರಿಂದ ಕಲಿತಿರಬೇಕು.

ಇಷ್ಟು ಎಚ್ಚರವಾದ ಮೇಲೆ ಸಂತೋಷಕ್ಕೆ ಅಡ್ಡಿಯಿಲ್ಲ. ಮಧ್ಯಾಹ್ನ ಬರಿಗಾಲಲ್ಲಿ ಮರಳು ಮೆಟ್ಟಿದರೆ ಕಾಲು ಸುಡುತ್ತದೆ, ನಾಲ್ಕು ಹೆಜ್ಜೆ ಆಚೆ ನೀರು ತಣ್ಣಗಿದೆ. ಬಿಸಿಲು ಎರಡಕ್ಕೂ ಒಂದೇ. ಒಣ ಮರಳಿನ ವಿಶಿಷ್ಟೋಷ್ಣ ನೀರಿನದರ ಸುಮಾರು ಐದನೆಯ ಒಂದು ಭಾಗ. ಅದಕ್ಕೇ ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ.

ಏಪ್ರಿಲ್ ಕೊನೆಯ ವಾರಕ್ಕೆ ಇನ್ನೊಂದು ಭಾಗ್ಯವಿದೆ. ಶಿವಮೊಗ್ಗ, ಭದ್ರಾವತಿ ಎರಡೂ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 27ರ ಆಸುಪಾಸಿನಲ್ಲಿ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಅದಕ್ಕೆ ಸಮನಾಗಿ ಕೋಲನ್ನು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ ಸುಮಾರು 12 ಗಂಟೆ 25 ನಿಮಿಷಕ್ಕೆ ಅದರ ನೆರಳು ಬುಡದಲ್ಲೇ ಅಡಗುತ್ತದೆ. ಹನ್ನೆರಡಕ್ಕೇ ಏಕಲ್ಲ? ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು ಅದರಿಂದ ಸುಮಾರು 7 ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ಬರುವುದು ತಡ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದ ಮತ್ತು ಅದರ ಅಕ್ಷ ಓರೆಯಾಗಿರುವುದರಿಂದ ಒಂದೆರಡು ನಿಮಿಷ ಹೆಚ್ಚುಕಡಿಮೆ. ಏಪ್ರಿಲಿನಲ್ಲಿ ಮೋಡ ಬಂದರೆ ಆಗಸ್ಟ್ 15ರ ಸುಮಾರಿಗೆ ಇನ್ನೊಂದು ಅವಕಾಶ.

ಬೇಸಿಗೆಯ ಸಂಜೆ ಗುಡುಗು ಸಹಿತ ಮಳೆಯೂ ಸಾಮಾನ್ಯ. ಮಿಂಚು ಕಂಡೊಡನೆ ಎಣಿಸಲು ಶುರುಮಾಡಿ ಗುಡುಗು ಕೇಳಿದಾಗ ನಿಲ್ಲಿಸಬೇಕು. ಶಬ್ದ ಒಂದು ಕಿ.ಮೀ. ಬರಲು ಸುಮಾರು ಮೂರು ಸೆಕೆಂಡು ಬೇಕು. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಡೇರೆ, ತೆಂಗಿನ ಮರ, ಹೊಳೆ ಮೂರನ್ನೂ ಬಿಟ್ಟು ತೋಟದ ಮನೆಯೊಳಗೆ ಅಥವಾ ಕಿಟಕಿ ಮುಚ್ಚಿದ ಕಾರಿನೊಳಗೆ ಸೇರಬೇಕು. ಮಂಚ, ಫ್ಯಾನು ಇರುವ ದುಬಾರಿ ಡೇರೆಯೂ ಸಿಡಿಲಿಗೆ ಬಟ್ಟೆಯೇ.

ಕೋಲಿಗೆ ಕಾಣದ ಅಪಾಯಗಳೂ ಎರಡಿವೆ. ತಿಳಿನೀರೆಲ್ಲ ಶುದ್ಧ ನೀರಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಊರು ಮತ್ತು ತೋಟಗಳಿಂದ ಬಂದು ಕರಗಿದ ರಾಸಾಯನಿಕಗಳು ಹೋಗುವುದಿಲ್ಲ. ಕುಡಿಯುವ ನೀರು ಮನೆಯಿಂದಲೇ ಬರಲಿ. ಎರಡನೆಯದು ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದೂ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಕಾಡಂಚಿನ ತೋಟವಾದರೆ ತುಂಬುತೋಳಿನ ಅಂಗಿ ಹಾಕಬೇಕು, ತರಗೆಲೆಯ ಮೇಲೆ ಕೂರಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ರಾತ್ರಿ ದೀಪವಾರಿಸಿದ ಮೇಲೆ ಆಕಾಶ ತೆರೆಯುತ್ತದೆ. ಯಾವ ಊರಿನಲ್ಲೇ ಆಗಲಿ ಧ್ರುವ ನಕ್ಷತ್ರದ ಎತ್ತರ ಆ ಊರಿನ ಅಕ್ಷಾಂಶದಷ್ಟೇ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಉತ್ತರ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವ ಸಿಗುತ್ತದೆ. ರಾತ್ರಿ ಹತ್ತೂವರೆಯ ಹೊತ್ತಿಗೆ ದಕ್ಷಿಣಕ್ಕೆ ತಿರುಗಿದರೆ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ತ್ರಿಶಂಕು ನಿಂತಿರುತ್ತದೆ. ಲಂಡನ್ನಿನ ಮಕ್ಕಳಿಗೆ ತ್ರಿಶಂಕು ಕಾಣುವುದೇ ಇಲ್ಲ, ಸಿಡ್ನಿಯ ಮಕ್ಕಳಿಗೆ ಧ್ರುವ ಕಾಣುವುದಿಲ್ಲ. ಭದ್ರೆಯ ದಂಡೆಯ ಮಕ್ಕಳಿಗೆ ಎರಡೂ ಒಂದೇ ರಾತ್ರಿ, ಒಂದೇ ಜಾಗದಲ್ಲಿ ನಿಂತು ನೋಡುವ ಯೋಗ.

ಊಹೆಯ ಆ ಕುಟುಂಬ ಕೊನೆಯ ದಿನ ಬೆಳಿಗ್ಗೆ ಕಸವನ್ನೆಲ್ಲ ಚೀಲಕ್ಕೆ ತುಂಬಿ ಹೊರಡಲು ಸಿದ್ಧವಾಗುತ್ತದೆ. ಮಗಳು ಕೋಲನ್ನು ತರಲು ಹೊಳೆಗೆ ಇಳಿಯುತ್ತಾಳೆ. ಸಂಜೆ ನೀರಿನ ಅಂಚಿನಲ್ಲಿದ್ದ ಕೋಲು ಈಗ ನಾಲ್ಕು ಮಾರು ಒಳಗೆ ನಿಂತಿದೆ. ನೀರು ಎರಡು ಗೆರೆ ಏರಿದೆ. ಮೊದಲ ದಿನ ಡೇರೆ ಹಾಕಬೇಕೆಂದು ಕುಣಿದ ಮರಳಿನ ಮೇಲೆ ಗೇಣುದ್ದ ನೀರು ಹರಿಯುತ್ತಿದೆ. ರಾತ್ರಿ ಮಳೆ ಬಂದಿರಲಿಲ್ಲ, ಯಾರಿಗೂ ಸದ್ದು ಕೇಳಿಸಿರಲಿಲ್ಲ. ಅವಳು ಕೋಲಿಗಾಗಿ ನೀರಿಗೆ ಇಳಿಯುವುದಿಲ್ಲ. ದಡದಲ್ಲೇ ನಿಂತು ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಅಜ್ಜನ ದೋಟಿ ತರಲು ತೋಟದ ಕಡೆ ನಡೆಯುತ್ತಾಳೆ.