ಕ್ಲೀನ್ ಮಾಡುವ ಮುನ್ನ ಕಣಜ ನೋಡಿ

ಉಬುಂಟು ಹಾಕಿದ ಹಳೆ ಕಂಪ್ಯೂಟರ್ 'ಜಾಗ ಇಲ್ಲ' ಎಂದ ಕೂಡಲೇ ಮಂಗಳೂರಿನಲ್ಲಿ ಸಿಗುವ ಸಲಹೆ ಒಂದೇ: 'ಆಪ್ಟ್ ಕ್ಲೀನ್ ಹೊಡಿ, ಸರಿಯಾಗ್ತದೆ.' ಹೊಡೆದ ಮೇಲೂ ಎಷ್ಟೋ ಸಲ ಸರಿಯಾಗುವುದಿಲ್ಲ. ಯಾಕೆಂದು ಕೇಳುವವರು ಕಡಿಮೆ.

ಈ ಆಜ್ಞೆ ಅಳಿಸುವುದು ಇನ್‌ಸ್ಟಾಲ್ ಮಾಡಲೆಂದು ಇಳಿಸಿಕೊಂಡ ಡೆಬ್ ಕಡತಗಳನ್ನು ಮಾತ್ರ. ಅವು ಇರುವುದು 'ವಾರ್' ಒಳಗಿನ 'ಕ್ಯಾಶ್', ಅದರೊಳಗಿನ 'ಆಪ್ಟ್', ಅದರೊಳಗಿನ 'ಆರ್ಕೈವ್ಸ್' ಫೋಲ್ಡರಿನಲ್ಲಿ. 2016ರ 16.04 ಆವೃತ್ತಿಯಿಂದೀಚೆಗೆ 'ಆಪ್ಟ್ ಇನ್‌ಸ್ಟಾಲ್' ಕೆಲಸ ಮುಗಿದ ಮೇಲೆ ಅವನ್ನು ತಾನೇ ಅಳಿಸುತ್ತದೆ. 'ಆಪ್ಟ್-ಗೆಟ್' ಮಾತ್ರ ಉಳಿಸಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಗುಡಿಸಲು ಏನೂ ಇಲ್ಲದಿರಬಹುದು. 'ಆಟೋಕ್ಲೀನ್' ಆದರೆ ಇನ್ನೂ ಮಿತ: ಸರ್ವರಿನಲ್ಲಿ ಈಗ ಸಿಗದ ಹಳೆ ಪ್ಯಾಕೇಜುಗಳನ್ನಷ್ಟೇ ತೆಗೆಯುತ್ತದೆ.

ಆದ್ದರಿಂದ ಮೊದಲು 'ಡಿಎಫ್ -ಎಚ್' ಕೊಟ್ಟು ತುಂಬಿದ್ದು ಯಾವುದೆಂದು ನೋಡಬೇಕು. 'ಬೂಟ್' ವಿಭಾಗ ತುಂಬಿದ್ದರೆ ಕಾರಣ ಹಳೆ ಕರ್ನೆಲ್‌ಗಳು. ಅದಕ್ಕೆ ಮದ್ದು 'ಆಟೋರಿಮೂವ್'. ಇದು ಇನ್‌ಸ್ಟಾಲ್ ಆಗಿರುವುದನ್ನೇ ತೆಗೆಯುವ ಆಜ್ಞೆ. ಪಟ್ಟಿ ಓದದೆ 'ವೈ' ಒತ್ತಬೇಡಿ. ಮೂಲ ವಿಭಾಗವೇ ತುಂಬಿದ್ದರೆ ಸ್ನ್ಯಾಪ್‌ನ ಹಳೆ ಪ್ರತಿಗಳನ್ನೂ ಸಿಸ್ಟಮ್ ಲಾಗ್‌ಗಳನ್ನೂ ನೋಡಿ. ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಆದರೆ, ಜಾಗ ಮಾಡಿಕೊಂಡು 'ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಬೇಕು. 'ವಾರ್/ಲಿಬ್/ಡಿಪಿಕೆಜಿ' ಫೋಲ್ಡರಿಗೆ ಮಾತ್ರ ಕೈ ಹಾಕಲೇಬಾರದು. ಅದು ಕಸವಲ್ಲ, ಮನೆಯ ಪಹಣಿ. ಅದು ಹೋದರೆ ತನ್ನಲ್ಲಿ ಏನೇನಿದೆ ಎಂಬುದೇ ಯಂತ್ರಕ್ಕೆ ಮರೆತುಹೋಗುತ್ತದೆ.

ನನ್ನ ತಕರಾರು ಇರುವುದು ಇನ್ನೂ ಮುಂದಕ್ಕೆ. 'ಕ್ಲೀನ್ ಮಾಡು, ಬೇಕಾದರೆ ಮತ್ತೆ ಇಳಿಸಿಕೋ' ಎಂಬುದು ಫೈಬರ್ ಇರುವ ಮನೆಯ ಮಾತು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಅಪ್ಪ ಕೊಡೆ ಹಿಡಿದು, ಮಗಳು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳಿದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರಿನಲ್ಲಿ ಇಳಿಸಿಟ್ಟ ಐನೂರು ಎಂಬಿ ಕಸವಲ್ಲ, ಕಣಜದ ಭತ್ತ.

ಆ ಭತ್ತವನ್ನು ಹಂಚಿಕೊಳ್ಳಬಹುದು. ಒಂದು ಯಂತ್ರದಲ್ಲಿ 'ಆಪ್ಟ್-ಗೆಟ್' ಮೂಲಕ ಇಳಿಸಿದ ಡೆಬ್ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿ, ಅದೇ ಆವೃತ್ತಿಯ ಉಬುಂಟು ಇರುವ ಪಕ್ಕದ ಯಂತ್ರಗಳಿಗೆ ಇನ್‌ಸ್ಟಾಲ್ ಮಾಡಬಹುದು. ಹತ್ತು ಕಂಪ್ಯೂಟರ್ ಇರುವ ಶಾಲೆ ಹತ್ತು ಸಲ ಡೇಟಾ ಸುಡಬೇಕಾಗಿಲ್ಲ. ನಕಲು ಆದ ಮೇಲೆ ಧಾರಾಳವಾಗಿ ಕ್ಲೀನ್ ಮಾಡಿ.

ತಲಪಾಡಿ ದಾಟಿದರೆ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕೇರಳ ಸರ್ಕಾರದ 'ಕೈಟ್' ಸಂಸ್ಥೆ ಉಬುಂಟು ಆಧರಿಸಿ ರೂಪಿಸಿದ ವ್ಯವಸ್ಥೆಯೇ ಪಾಠದ ಭಾಗ. ಅಲ್ಲಿನ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. ನಮ್ಮ ಕಡೆ ಹಳೆ ಕಂಪ್ಯೂಟರ್ ದಾನ ಕೊಡುವವರಿದ್ದಾರೆ, ಅದನ್ನು ನೋಡಿಕೊಳ್ಳುವುದು ಹೇಗೆಂದು ಕನ್ನಡದಲ್ಲಿ ಒಂದು ಪುಟ ಬರೆದುಕೊಡುವವರಿಲ್ಲ. ಇನ್ನು ಮುಂದೆ ಕಂಪ್ಯೂಟರ್ ಕೊಡುವವರು ಆ ಒಂದು ಪುಟವನ್ನೂ ಜೊತೆಗೆ ಕೊಡಲಿ.