ಗಾಳಿಯಲ್ಲಿ ಮಾರಾಟಕ್ಕಿಟ್ಟ ಪವಾಡ

ಮೊಳಕಾಲ್ಮುರಿನಲ್ಲಿ ಮೇಷ್ಟ್ರಾಗಿದ್ದ ದಿನಗಳಲ್ಲಿ ನನ್ನ ಬಳಿ ಒಂದು ಶಾರ್ಟ್‌ವೇವ್ ರೇಡಿಯೋ ಇತ್ತು. ಸಂಜೆ ಅದರ ಮುಳ್ಳನ್ನು ತಿರುಗಿಸುತ್ತ ಹೋದರೆ ದೂರದ ಸೆಶೆಲ್ಸ್ ದ್ವೀಪದಿಂದ ಫೀಬಾ ರೇಡಿಯೋದ ಕ್ರೈಸ್ತ ಪ್ರವಚನ ಕನ್ನಡದಲ್ಲಿ ತೇಲಿ ಬರುತ್ತಿತ್ತು. ಕೇಳುತ್ತಿದ್ದೆ. ಕಿಟ್ಟೆಲ್ಲರ ನಿಘಂಟಿನ ಋಣದಲ್ಲಿರುವ ಕನ್ನಡ ಮೇಷ್ಟ್ರಿಗೆ ಪಾದ್ರಿಗಳ ಕನ್ನಡದ ಮೇಲೆ ಎಂಥ ಮುನಿಸು? ಆ ದನಿ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ.

ಈಗಿನ ದನಿ ಕೇಳುತ್ತದೆ. ರಾಯದುರ್ಗದ ಗಡಿಗೆ ಅಂಟಿಕೊಂಡ ನಮ್ಮ ಕಡೆ ಅನೇಕ ಮನೆಗಳಲ್ಲಿ ತೆಲುಗು ವಾಹಿನಿಗಳೇ ಓಡುತ್ತವೆ. ಅವುಗಳಲ್ಲಿ ದಿನವಿಡೀ ಕ್ರೈಸ್ತ ಬೋಧನೆಗೇ ಮೀಸಲಾದವು ಇವೆ. ಉಳಿದವು ಬೆಳಗಿನ ಹೊತ್ತನ್ನು ಅರ್ಧರ್ಧ ಗಂಟೆಯಂತೆ ಮಾರುತ್ತವೆ. ಬೋಧನೆಗೆ ನನ್ನ ತಕರಾರಿಲ್ಲ. ರೋಗ ವಾಸಿಮಾಡುತ್ತೇವೆ ಎಂದು ಸಾರಿ, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ ತೋರಿಸುವುದಕ್ಕೆ ಇದೆ.

ನಮ್ಮ ಬಂಧುಗಳಲ್ಲೇ ಒಬ್ಬಾಕೆ, ಹೆಸರು ಬೇಡ, ಟಿ.ವಿ. ಗಾಜಿನ ಮೇಲೆ ಅಂಗೈಯಿಟ್ಟು ಪ್ರಾರ್ಥಿಸಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಚಳ್ಳಕೆರೆಯ ವೈದ್ಯರ ಬಳಿಗೆ ಕರೆದೊಯ್ಯುವಷ್ಟರಲ್ಲಿ ಕಾಲಿನ ಎರಡು ಬೆರಳು ಕೊಳೆತಿದ್ದವು. ಬೇಡವಾದರೆ ವಾಹಿನಿ ಬದಲಿಸಿ ಎನ್ನುವವರು ಆಕೆಯ ಕಾಲನ್ನೊಮ್ಮೆ ನೋಡಲಿ.

ಇದನ್ನು ಓದಿ "ಸರಿಯಾಗಿ ಹೇಳಿದಿರಿ, ಮೊದಲು ಅವರದನ್ನು ನಿಲ್ಲಿಸಬೇಕು" ಎಂದು ಹಿಗ್ಗುವ ಶಿಷ್ಯರಿಗೂ ಒಂದು ಮಾತು. ಕನ್ನಡ ವಾಹಿನಿಗಳಲ್ಲಿ ಬೆಳಗಾದರೆ ಕೂರುವ ಜ್ಯೋತಿಷಿಗಳು, ಯಂತ್ರ ತಾಯತ ಮಾರುವವರು ಯಾರವರು? ಅದೇ ಮನೆಯ ಗೋಡೆಯ ಮೇಲೆ ಟಿ.ವಿ. ನೋಡಿ ತರಿಸಿದ ಯಂತ್ರವೂ ಇದೆ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಇಂಥ ಯಂತ್ರಗಳ ಟಿ.ವಿ. ಜಾಹೀರಾತು ಕಾನೂನುಬಾಹಿರವೆಂದಿತು. ಮೂಢನಂಬಿಕೆಗೆ ಉತ್ತೇಜನ ಕೊಡುವ ಕಾರ್ಯಕ್ರಮ ಕೂಡದೆಂದು 1994ರ ಕೇಬಲ್ ನಿಯಮಗಳಲ್ಲೇ ಇದೆ. ಧಾರ್ಮಿಕ ಉದ್ದೇಶದ ಜಾಹೀರಾತೂ ಕೂಡದು. ಆದ್ದರಿಂದಲೇ ಹಣ ಕೊಟ್ಟು ಕೊಂಡ ಹೊತ್ತಿಗೆ 'ಕಾರ್ಯಕ್ರಮ'ವೆಂಬ ವೇಷ.

ಬ್ರಹ್ಮಗಿರಿಯ ಬಂಡೆ ನಿಮಗೆ ನೆನಪಿರಬೇಕು, ಪ್ರವಾಸಕ್ಕೆ ಕರೆದೊಯ್ದಿದ್ದೆನಲ್ಲ. ಅಶೋಕನೂ ಅಲ್ಲಿ ಧರ್ಮವನ್ನೇ ಪ್ರಸಾರ ಮಾಡಿದ: ತಂದೆತಾಯಿಗಳಿಗೆ ವಿಧೇಯರಾಗಿರಿ, ಸತ್ಯ ನುಡಿಯಿರಿ, ಶಿಷ್ಯರು ಗುರುವನ್ನು ಗೌರವಿಸಲಿ. (ಕೊನೆಯದನ್ನು ನಾನು ಎರಡು ಸಲ ಓದಿಸುತ್ತಿದ್ದೆ.) ಕಾಣಿಕೆ ಕಳಿಸಿ ಎಂಬ ಸಾಲು ಅಲ್ಲಿಲ್ಲ. ಹೇಳಿಸಿದವನು ದೊರೆಯೆಂಬುದು ಸ್ಪಷ್ಟ. ಬರೆದ ಲಿಪಿಕಾರ ಚಪಡ ಕೂಡ ತನ್ನ ಹೆಸರು ಕೆತ್ತಿದ್ದಾನೆ. ಟಿ.ವಿ.ಯವರು ಅಷ್ಟನ್ನಾದರೂ ಮಾಡಲಿ: ಈ ಅರ್ಧ ಗಂಟೆಗೆ ಹಣ ಕೊಟ್ಟವರು ಯಾರೆಂದು ಪರದೆಯ ಮೇಲೆ ಬರೆಯಲಿ. ರೋಗ ವಾಸಿಯ ಮಾತನ್ನು, ಯಾವ ದೇವರ ಹೆಸರಿನದಾದರೂ, ಪೂರ್ತಿ ಕೈಬಿಡಲಿ.

ಕೇಬಲ್ ಕಾಯಿದೆಯಡಿ ಕ್ರಮ ಜರುಗಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಚಿತ್ರದುರ್ಗಕ್ಕೆ ಕಳುಹಿಸಲು ಅರ್ಜಿ ಬರೆದಿಟ್ಟಿದ್ದೇನೆ. ಭಾನುವಾರ ಮನೆಗೆ ಬಂದವರು ಓದಿ ಸಹಿ ಹಾಕಬಹುದು. ಚರ್ಚಿಗೆ ಹೋಗುವ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಆಗಲೇ ಹಾಕಿದ್ದಾರೆ.