ನಮ್ಮೂರ ಹಿರಿಯರನ್ನು ಓದುವವರು ಯಾರು?

ಟ್ಯಾಬ್ ಹಿಡಿದು ಯಾರೇ ಮನೆ ಮುಂದೆ ನಿಂತರೂ ನಮ್ಮೂರು ಪೋತ್ನಾಳದ ಹಿರಿಯರು ಮೊದಲು ಕೇಳುವುದು ಒಂದೇ ಮಾತು: ‘ಪಗಾರ ಮಾಡಾಕ ಬಂದೀರೇನ್ರಿ?’ ಪಗಾರ ಎಂದರೆ ಇಲ್ಲಿ ವೃದ್ಧಾಪ್ಯ ವೇತನ. ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿರುವ ನಾನು ಕಳೆದ ವರ್ಷ ಒಂದು ಆರೋಗ್ಯ ಸಮೀಕ್ಷೆಗಾಗಿ ಎರಡು ತಿಂಗಳು ಮಾನ್ವಿ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿದೆ. ಪಗಾರದವಳಲ್ಲ ಎಂದು ಎಷ್ಟು ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಹಾಗಾಗಿ ಉತ್ತರಗಳೂ ಪಗಾರದ ಲೆಕ್ಕದಲ್ಲೇ ಬರುತ್ತಿದ್ದವು. ಬೆಂಗಳೂರಿಗೆ ದುಡಿಯಲು ಹೋದ ಮಗ ಕಳಿಸುವ ದುಡ್ಡು ಮರೆತುಹೋಗುತ್ತಿತ್ತು, ಅಂಗಳದ ಎಮ್ಮೆ ಪಕ್ಕದ ಮನೆಯದಾಗುತ್ತಿತ್ತು. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ ನಿಂತರೆ ಬಿ.ಪಿ. ಗುಳಿಗೆಗೂ ಮಗನ ಕೈ ನೋಡಬೇಕಾದವರ ಎಚ್ಚರ ಅದು.

ಹಿರಿಯರ ಆರೋಗ್ಯವನ್ನು ಅಧ್ಯಯನ ಮಾಡುವುದೇ ಒಂದು ದೊಡ್ಡ ಶಾಸ್ತ್ರ ಎಂದು ನನಗೆ ತಿಳಿದದ್ದು ಆ ಕೆಲಸ ಮುಗಿದ ಮೇಲೆ. ಅಮೆರಿಕದಲ್ಲಿ 1992ರಲ್ಲಿ ‘ಹೆಲ್ತ್ ಅಂಡ್ ರಿಟೈರ್‌ಮೆಂಟ್ ಸ್ಟಡಿ’ ಶುರುವಾಯಿತು. ಅದೇ ಜನರನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಮಾತನಾಡಿಸುವುದು ಅದರ ಕ್ರಮ. ಆಮೇಲೆ ಇಂಗ್ಲೆಂಡ್, ಚೀನಾ ಮುಂತಾದ ದೇಶಗಳು ಆ ದಾರಿ ಹಿಡಿದವು. ನಮ್ಮಲ್ಲಿ ಅದರ ರೂಪ ‘ಲಾಸಿ’, ಅಂದರೆ ಲಾಂಗಿಟ್ಯೂಡಿನಲ್ ಏಜಿಂಗ್ ಸ್ಟಡಿ ಇನ್ ಇಂಡಿಯಾ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದರ ಮುಂದಾಳು. 2010ರಲ್ಲಿ ಪ್ರಾಯೋಗಿಕವಾಗಿ ನಡೆಸಿದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017-18ರ ಮೊದಲ ಸುತ್ತಿನಲ್ಲಿ ದೇಶದಾದ್ಯಂತ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಲಾಯಿತು. ಬರೀ ಮಾತಲ್ಲ, ರಕ್ತದೊತ್ತಡ ನೋಡಿದರು, ಕೈಹಿಡಿತದ ಬಲ ಅಳೆದರು, ನಾಲ್ಕು ಮೀಟರ್ ನಡೆಸಿ ಸಮಯ ಬರೆದುಕೊಂಡರು, ಹತ್ತು ಪದ ಹೇಳಿ ಎಷ್ಟು ನೆನಪಿವೆ ಎಂದು ಕೇಳಿದರು. ಇನ್ನು ಕೋಲಾರದ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ, 45 ದಾಟಿದ ಹಳ್ಳಿ ಜನರ ನೆನಪಿನ ಶಕ್ತಿಯನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಹಿಡಿದಿದೆ. ಗುರಿ 10,000 ಜನ.

ಇದೆಲ್ಲ ಸಂತೋಷದ ವಿಷಯವೇ. ಆದರೆ ಲಾಸಿ ಹೇಳುವುದು ರಾಜ್ಯದ ಲೆಕ್ಕ. ಅದರ ಮಾದರಿ ಇರುವುದೇ ಹಾಗೆ. ಕರ್ನಾಟಕ ಎಂಬ ಒಂದು ಸಾಲಿನಲ್ಲಿ ಜಯನಗರದ ನಿವೃತ್ತ ಅಧಿಕಾರಿಯೂ ಪೋತ್ನಾಳದ ಕೂಲಿ ಅಜ್ಜಿಯೂ ಕೂಡಿಯೇ ಇರುತ್ತಾರೆ. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 60 ಕೂಡ ಮುಟ್ಟದ ಜಿಲ್ಲೆ ನಮ್ಮದು. ರಾಜ್ಯದ ಸರಾಸರಿಯೊಳಗೆ ರಾಯಚೂರನ್ನು ಹುಡುಕುವುದು ಭತ್ತದ ರಾಶಿಯಲ್ಲಿ ಜೋಳದ ಕಾಳು ಹುಡುಕಿದ ಹಾಗೆ.

ವಯಸ್ಸಿನಿಂದಲೇ ತೊಡಕು ಶುರು. ಆಧಾರ್ ಕಾರ್ಡ್ ನಂಬಿದರೆ ನಮ್ಮೂರ ಹಿರಿಯರಲ್ಲಿ ಅರ್ಧ ಜನ ಜನವರಿ 1ರಂದೇ ಹುಟ್ಟಿದವರು! ನಾನು ಕಂಡ ಒಬ್ಬ ಅಜ್ಜಿಗೆ ಕಾರ್ಡಿನ ಪ್ರಕಾರ 58. ‘ಎಪ್ಪತ್ತೆರಡರ ಬರದಾಗ ಹಿರೀ ಮಗಳು ತೊಡಿ ಮ್ಯಾಲಿದ್ಲವ್ವಾ’ ಎಂದರು. ಆಗ ಅವರಿಗೆ ಹದಿನೇಳಾದರೂ ಆಗಿರಬೇಕು ಎಂದುಕೊಂಡರೆ ಈಗ ಎಪ್ಪತ್ತರ ಆಸುಪಾಸು. ಅರವತ್ತಕ್ಕೆ ಸಿಗುವ ವೇತನವೂ ಇಲ್ಲ, ಅರವತ್ತೈದಕ್ಕೆ ಸಿಗುವ ಸಂಧ್ಯಾ ಸುರಕ್ಷಾವೂ ಇಲ್ಲ. ಸ್ಥಳೀಯ ಘಟನೆಗಳ ಪಟ್ಟಿ ಇಟ್ಟುಕೊಂಡು ವಯಸ್ಸು ಅಂದಾಜು ಮಾಡುವ ವಿಧಾನ ಜನಸಂಖ್ಯಾಶಾಸ್ತ್ರದಲ್ಲೇ ಇದೆ. ನಮ್ಮ ಭಾಗಕ್ಕೆ ಅಂಥ ಪಟ್ಟಿ ಮಾಡುವುದು ಕಷ್ಟವಲ್ಲ: 1948ರ ರಜಾಕಾರರ ಗಲಾಟೆ, ತುಂಗಭದ್ರಾ ಕಾಲುವೆಗೆ ನೀರು ಬಂದದ್ದು, ಎಪ್ಪತ್ತೆರಡರ ಬರ. ಆದರೆ ನನ್ನ ಕೈಯಲ್ಲಿದ್ದ ಟ್ಯಾಬ್‌ನಲ್ಲಿ ದಿನಾಂಕಕ್ಕೆ ಮಾತ್ರ ಜಾಗವಿತ್ತು.

‘ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ?’ ಎಂಬುದು ಇಂಥ ಎಲ್ಲ ಅಧ್ಯಯನಗಳಲ್ಲೂ ಇರುವ ಪ್ರಶ್ನೆ. ನಮ್ಮಲ್ಲಿ ಅದಕ್ಕೆ ಸಿಗುವ ಉತ್ತರ, ‘ದೇವ್ರು ಇಟ್ಟಂಗ ಅದೀನವ್ವಾ.’ ಇದನ್ನು ‘ಉತ್ತಮ’ದಲ್ಲಿ ಹಾಕಬೇಕೋ ‘ಸಾಧಾರಣ’ದಲ್ಲೋ? ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು ಇದನ್ನೇ ಕುರಿತು. ಹೆಚ್ಚು ಕಾಲ ಬದುಕುವ ಕೇರಳದವರು ತಮಗೆ ಕಾಯಿಲೆ ಹೆಚ್ಚು ಎನ್ನುತ್ತಾರೆ, ಬಿಹಾರದವರು ಕಡಿಮೆ ಎನ್ನುತ್ತಾರೆ. ಡಾಕ್ಟರನ್ನು ಕಂಡವರಿಗೆ ತಾನೇ ಕಾಯಿಲೆಯ ಹೆಸರು ಗೊತ್ತಿರುವುದು? ಬಿ.ಪಿ. ನೋಡಿಸಿಯೇ ಇಲ್ಲದವರು ಬಿ.ಪಿ. ಇಲ್ಲ ಎಂದೇ ಹೇಳುತ್ತಾರೆ. ಲಾಸಿಯವರು ತೋಳಿಗೆ ಪಟ್ಟಿ ಕಟ್ಟಿ ನೋಡಿದ್ದು ಅದಕ್ಕೇ.

ಮೊಣಕಾಲಿನ ಮಾತು ಮಾತ್ರ ಎಲ್ಲ ಮನೆಯಲ್ಲೂ ಬಂತು. ನಮ್ಮ ಪ್ರಶ್ನಾವಳಿಯಲ್ಲಿ ‘ಸಂಧಿವಾತ’ ಎಂಬ ಚೌಕವಿತ್ತು, ಟಿಕ್ ಮಾಡಿದರೆ ಮುಗಿಯಿತು. ಆದರೆ ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ಮೀರಿದ ನೀರನ್ನು ದಶಕಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಇಲ್ಲಿ ಬೆಳೆದವರಾದರೆ ನೋವಿನ ಹಿಂದೆಯೇ ‘ಮೂವತ್ತು ವರ್ಷ ಯಾವ ಬೋರಿನ ನೀರು ಕುಡಿದಿರಿ?’ ಎಂದು ಕೇಳುತ್ತಾರೆ. ಭತ್ತದ ನಾಟಿಯಲ್ಲಿ ದಿನವಿಡೀ ಬಗ್ಗಿ ನಿಂತ ಎಷ್ಟು ಹಂಗಾಮು ಆಯಿತು ಎಂದೂ ಕೇಳುತ್ತಾರೆ. ಅಮೆರಿಕದ ಅಧ್ಯಯನದ ಹೆಸರಿನಲ್ಲೇ ನಿವೃತ್ತಿ ಇದೆ. ನಮ್ಮೂರಲ್ಲಿ ನಿವೃತ್ತರಾಗುವವರು ಮೇಷ್ಟ್ರು, ಬಸ್ ಕಂಡಕ್ಟರು. ಉಳಿದವರು ಕೈಕಾಲು ಆಡುವ ತನಕ ಹೊಲಕ್ಕೆ ಹೋಗುತ್ತಾರೆ, ಆಡದಿದ್ದ ಮೇಲೆ ಮೊಮ್ಮಕ್ಕಳನ್ನು ಕಾಯುತ್ತಾರೆ.

ಗುಳೆ ಹೋದ ಮನೆಗಳದ್ದು ಇನ್ನೊಂದು ಕಥೆ. ಮಗ, ಸೊಸೆ ಬೆಂಗಳೂರಿನ ಕಟ್ಟಡ ಕೆಲಸದಲ್ಲಿ, ಇಲ್ಲಿ ಅಜ್ಜಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು. ರೇಷನ್ ಕಾರ್ಡಿನಲ್ಲಿ ಆರು ಜನರ ತುಂಬು ಸಂಸಾರ. ಹೀಗಾಗಿ ‘ಒಂಟಿಯಾಗಿರುವ ಹಿರಿಯರು’ ಎಂಬ ಲೆಕ್ಕಕ್ಕೆ ಅವರು ಸೇರುವುದೇ ಇಲ್ಲ. ರಾತ್ರಿ ಜ್ವರ ಬಂದರೆ ಯಾರು ಕರೆದೊಯ್ಯುತ್ತಾರೆ ಎಂದು ಅಂಥ ಒಬ್ಬರನ್ನು ಕೇಳಿದೆ. ‘ಬೆಳಗಾಗುತನ ಕುಂದರೂದು’ ಎಂದರು.

ಅವರ ಜೊತೆ ನಾನು ಎರಡು ಗಂಟೆ ಕುಳಿತಿದ್ದೆ. ಟ್ಯಾಬ್ ಪಕ್ಕಕ್ಕಿಟ್ಟು ಅಕ್ಕಿ ಹಸನು ಮಾಡುವುದಕ್ಕೆ ಕೈ ಹಾಕಿದ ಮೇಲೆ, ದನಿ ತಗ್ಗಿಸಿ, ಕೆಮ್ಮಿದರೆ ಸೀನಿದರೆ ಸೀರೆ ಒದ್ದೆಯಾಗುತ್ತದೆ ಎಂದು ಹೇಳಿದರು. ಎಂಟು ವರ್ಷದಿಂದ ಹಾಗಂತೆ. ಮದುವೆ, ಜಾತ್ರೆಗೆ ಹೋಗುವುದನ್ನು ಬಿಟ್ಟಿದ್ದಾರೆ, ಬಸ್ ಹತ್ತುವುದಿಲ್ಲ. ಮಗಳಿಗೂ ಹೇಳಿಲ್ಲ. ಇದಕ್ಕೆ ಚಿಕಿತ್ಸೆ ಇದೆ, ಸ್ನಾಯು ಬಿಗಿಹಿಡಿಯುವ ಸರಳ ವ್ಯಾಯಾಮದಿಂದಲೇ ಹಲವರಿಗೆ ಗುಣ ಕಾಣುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಪ್ರಶ್ನೆ ನಮ್ಮ ಪಟ್ಟಿಯಲ್ಲೂ ಇತ್ತು, ಪುಸ್ತಕದ ಕನ್ನಡದಲ್ಲಿ. ಅರ್ಧ ಗಂಟೆ ಮೊದಲು ಅದನ್ನು ಓದಿ ಹೇಳಿದಾಗ ಅವರು ‘ಇಲ್ಲ’ ಎಂದಿದ್ದರು. ಹುಡುಗ ಯಾರಾದರೂ ಕೇಳಿದ್ದರೆ ಕೊನೆಯವರೆಗೂ ‘ಇಲ್ಲ’ವೇ.

ಆದ್ದರಿಂದ ನನ್ನ ವಾದ ಇಷ್ಟೆ. ನಮ್ಮ ಹಿರಿಯರ ಅಧ್ಯಯನ ನಮ್ಮ ಕಾಲೇಜುಗಳಿಂದ ನಡೆಯಲಿ. ಲಾಸಿಗೆ ಎದುರಾಗಿ ಅಲ್ಲ, ಅದು ಮುಟ್ಟದ ಕಡೆ ಮುಟ್ಟಲು. ಎನ್‌.ಎಸ್‌.ಎಸ್‌. ವಿಶೇಷ ಶಿಬಿರ ಏಳು ದಿನ ಹಳ್ಳಿಯಲ್ಲೇ ಇರುತ್ತದೆ. ಗುಡಿ ಅಂಗಳ ಗುಡಿಸಿ ಫೋಟೊ ತೆಗೆಸಿಕೊಳ್ಳುವುದು ಸಾಕಾಗಿದೆ. ಒಂದು ಶಿಬಿರ ಒಂದು ಹಳ್ಳಿಯ ಅರವತ್ತು ದಾಟಿದವರನ್ನೆಲ್ಲ ಮಾತನಾಡಿಸಲಿ, ಮರುವರ್ಷದ ತಂಡ ಅದೇ ಮನೆಗಳಿಗೆ ಹೋಗಲಿ. ಹೋದ ವರ್ಷ ಕೋಲಿಲ್ಲದೆ ನಡೆಯುತ್ತಿದ್ದ ಮುತ್ಯಾ ಈ ವರ್ಷ ಯಾಕೆ ಹೊರಗೆ ಬರುತ್ತಿಲ್ಲ ಎಂಬುದು ಒಮ್ಮೆ ಹೋಗಿ ಬಂದವರಿಗೆ ತಿಳಿಯುವುದಿಲ್ಲ. ವಿದ್ಯಾರ್ಥಿನಿಯರು ಅಜ್ಜಿಯರ ಬಳಿ ಕೂರಲಿ. ಹೆಸರು ಗುಟ್ಟಾಗಿರಲಿ, ಒಲ್ಲೆ ಎಂದವರನ್ನು ಬಿಟ್ಟುಬಿಡಲಿ. ಕೇಳಿಕೊಂಡು ಸುಮ್ಮನೆ ಎದ್ದು ಬರುವುದು ಬೇಡ. ಬಿ.ಪಿ. ಹೆಚ್ಚಿದ್ದವರ ಪಟ್ಟಿ ಆಶಾ ಕಾರ್ಯಕರ್ತೆಗೆ, ವಯಸ್ಸು ತಪ್ಪಾದವರ ಅರ್ಜಿ ನಾಡಕಚೇರಿಗೆ ಅದೇ ವಾರ ಹೋಗಬೇಕು.

ಕೆಲಸ ಹುಡುಕುವವರಿಗೂ ಒಂದು ಮಾತು. ಲಾಸಿಯ ದತ್ತಾಂಶ ಅರ್ಜಿ ಹಾಕಿದರೆ ಸಂಶೋಧನೆಗೆ ಉಚಿತವಾಗಿ ಸಿಗುತ್ತದೆ. ಮುಂಬೈನ ಅದೇ ಸಂಸ್ಥೆಯಲ್ಲಿ ಜನಸಂಖ್ಯಾ ಅಧ್ಯಯನದ ಸ್ನಾತಕೋತ್ತರ ಕೋರ್ಸ್‌ಗಳಿವೆ. ಕೆ.ಎ.ಎಸ್., ಪಿ.ಡಿ.ಒ. ಬಿಟ್ಟರೆ ಬೇರೆ ದಾರಿಯೇ ಇಲ್ಲ ಎಂದು ರಾಯಚೂರಿನ ಲೈಬ್ರರಿಗಳಲ್ಲಿ ಕುಳಿತಿರುವ ನನ್ನಂಥವರು ಇದನ್ನೂ ಒಮ್ಮೆ ನೋಡಬಹುದು.

ನಮ್ಮ ಓಣಿಯಲ್ಲಿ ನಾವು ಮೂವರು ಶುರು ಮಾಡಿದ್ದೇವೆ. ಒಂದು ಬಿ.ಪಿ. ಯಂತ್ರ, ನಾಲ್ಕು ಮೀಟರ್ ಅಳೆಯಲು ದರ್ಜಿಯ ಟೇಪು, ಸಮಯಕ್ಕೆ ಮೊಬೈಲ್, ಜೊತೆಗೊಂದು ನೋಟ್‌ಬುಕ್. ಇಲ್ಲಿಯವರೆಗೆ ಹತ್ತೊಂಬತ್ತು ಮನೆ ಆಗಿವೆ. ಎಪ್ಪತ್ತೆರಡರ ಬರದ ಅಜ್ಜಿಯ ವಯಸ್ಸಿನ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.